ಪಿಯುಸಿ ಸೈನ್ಸ್ ಆದ ಮಗಳಿಗೆ ಆಪ್ಟೊಮೆಟ್ರಿ ಓದು: ಸಂಘದಲ್ಲಿ ಸಾಲ ಕೇಳುವ ಮುಂಚೆ



ಶಿರಾ ಗೇಟ್ ಹತ್ತಿರದ ಒಂದು ಸಂಘದ ವಾರದ ಮೀಟಿಂಗಿನಲ್ಲಿ ನಡೆದ ಮಾತಿದು. ಹಾಜರಿ ಆಗಿ, ಉಳಿತಾಯ ಕಟ್ಟಿಸಿಕೊಂಡ ಮೇಲೆ ಒಬ್ಬ ಸದಸ್ಯೆ ಐವತ್ತು ಸಾವಿರ ಒಳಸಾಲ ಕೇಳಿದರು. "ಯಾತಕ್ಕಮ್ಮ?" ಅಂದರೆ, "ಮಗಳನ್ನ ಕಣ್ಣಿನ ಕಾಲೇಜಿಗೆ ಸೇರಿಸ್ಬೇಕು ಕಣಕ್ಕ. ಇವತ್ತೇ ಕಟ್ಟಿದ್ರೆ ಸೀಟು, ನಾಳೆ ಅಂದ್ರೆ ಇಲ್ಲ ಅಂತ ಫೋನ್ ಮಾಡ್ತಾವ್ರೆ" ಅಂದರು. ಯಾವ ಕಾಲೇಜು, ಎಷ್ಟು ವರ್ಷದ ಓದು, ಮುಗಿಸಿದ ಮೇಲೆ ಮಗಳು ಡಾಕ್ಟರಾ, ನರ್ಸಾ? ಒಂದಕ್ಕೂ ಅವರ ಹತ್ತಿರ ಉತ್ತರ ಇರಲಿಲ್ಲ. ನಡಾವಳಿ ಬರೆಯುತ್ತಿದ್ದ ಅಕ್ಕ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು ನೋಡಿದರು, ಕಾಣಲಿಲ್ಲ. ಪಕ್ಕದವರ ಕನ್ನಡಕ ಇಸ್ಕೊಂಡು, "ವಿಚಾರಿಸಿ ಮುಂದಿನ ವಾರ ತೀರ್ಮಾನ ಮಾಡುವುದು" ಅಂತ ಬರೆದರು.

ಆ ವಾರ ವಿಚಾರಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇವೆ. ಫಲಿತಾಂಶ ಬಂದ ಕೂಡಲೇ ಇಂಥ ಫೋನುಗಳು ಇನ್ನೂ ಎಷ್ಟೋ ಮನೆಗೆ ಬರುತ್ತವೆ.

ಮೊದಲು, ಈ ಕೆಲಸ ಏನು ಅಂತ ತಿಳಿಯೋಣ. ಕಣ್ಣಿನ ವಿಷಯದಲ್ಲಿ ನಾವು ಮೂರು ಥರದ ಜನರನ್ನು ನೋಡುತ್ತೇವೆ, ಮೂವರನ್ನೂ "ಕಣ್ಣಿನ ಡಾಕ್ಟ್ರು" ಅಂತಲೇ ಕರೆದುಬಿಡುತ್ತೇವೆ. ಎಂಬಿಬಿಎಸ್ ಮಾಡಿ, ಅದರ ಮೇಲೆ ಕಣ್ಣಿನ ವಿಷಯ ಓದಿದವರು ನೇತ್ರ ವೈದ್ಯರು. ಪೊರೆ ಆಪರೇಷನ್ ಮಾಡುವವರು ಅವರೇ. ಅಂಗಡಿಯಲ್ಲಿ ಚೀಟಿ ನೋಡಿ ಗಾಜು ಕೊರೆದು ಫ್ರೇಮಿಗೆ ಕೂರಿಸುವವರು ಆಪ್ಟಿಶಿಯನ್. ಇವರಿಬ್ಬರ ನಡುವೆ ಇರುವವರು ಆಪ್ಟೊಮೆಟ್ರಿಸ್ಟ್. ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು, ಒಂದೊಂದೇ ಗಾಜು ಹಾಕಿ "ಇದು ಚೆನ್ನಾಗಿ ಕಾಣ್ಸುತ್ತಾ, ಅದಾ?" ಅಂತ ಕೇಳುತ್ತಾರಲ್ಲ, ಅವರು.

ಅವರ ಕೆಲಸ ನಂಬರ್ ನೋಡುವುದಷ್ಟೇ ಅಲ್ಲ. ಕಣ್ಣಿನೊಳಗಿನ ಒತ್ತಡ ಅಳೆಯುತ್ತಾರೆ. ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರದಲ್ಲಿ ಕಣ್ಣಿನ ಮುಂಭಾಗವನ್ನು ದೊಡ್ಡದು ಮಾಡಿ ನೋಡುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವುದು, ಮೆಳ್ಳೆಗಣ್ಣು ಪರೀಕ್ಷೆ, ದೃಷ್ಟಿ ತೀರಾ ಕಡಿಮೆ ಇರುವವರಿಗೆ ಉಳಿದ ದೃಷ್ಟಿಯಲ್ಲೇ ಓದಲು ಬರೆಯಲು ಕಲಿಸುವುದು, ಎಲ್ಲ ಇದೆ. ಕಾಯಿಲೆ ಇದೆ ಅನ್ನಿಸಿದರೆ ಡಾಕ್ಟರ ಹತ್ತಿರ ಕಳಿಸಬೇಕು. ಆಪರೇಷನ್ ಮಾಡುವ ಹಾಗಿಲ್ಲ. ಇದನ್ನು ಮಗಳಿಗೂ ಮೊದಲೇ ಹೇಳಿಬಿಡಿ. ಡಾಕ್ಟರ್ ಆಗಬೇಕು ಅಂತ ಆಸೆ ಇಟ್ಟುಕೊಂಡು ಸೀಟು ಸಿಗದೆ ಇದಕ್ಕೆ ಬಂದವರು ಮೊದಲ ವರ್ಷ ಪೂರ್ತಿ ಅದೇ ಕೊರಗಿನಲ್ಲಿ ಕಳೆಯುತ್ತಾರೆ.

ನಿಮ್ಮ ಹತ್ತಿರ ಆಸ್ಪತ್ರೆಯ ಹಳೇ ಚೀಟಿ ಇದ್ದರೆ ತೆಗೆದು ನೋಡಿ. 6/6, 6/60 ಅಂತ ಬರೆದಿರುತ್ತೆ. ಮೇಲಿನ 6 ಅಂದರೆ ನೀವು ಕೂತ ದೂರ, ಆರು ಮೀಟರ್, ಹೆಚ್ಚುಕಡಿಮೆ ಇಪ್ಪತ್ತು ಅಡಿ. ಕೆಳಗೆ 60 ಇದ್ದರೆ, ಒಳ್ಳೆ ಕಣ್ಣಿನವರು ಅರವತ್ತು ಮೀಟರ್ ದೂರದಿಂದ ಓದುವ ಅಕ್ಷರವನ್ನು ನೀವು ಆರು ಮೀಟರಿಗೆ ಬಂದರಷ್ಟೇ ಓದುತ್ತೀರಿ ಅಂತ ಅರ್ಥ. ಅಕ್ಷರ ಬಾರದವರಿಗೆ ಇಂಗ್ಲಿಷಿನ ಈ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಬೋರ್ಡ್ ಇರುತ್ತೆ, ಬಾಯಿ ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು.

ಇಂಥವರಿಗೆ ಕೆಲಸ ಇದೆಯೇ? ನಡಾವಳಿ ಬರೆದ ಅಕ್ಕನನ್ನೇ ನೋಡಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಕಾಯಿಲೆಯಲ್ಲ, ಎಲ್ಲರಿಗೂ ಬರುವುದೇ. ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತೆ. ಸೂಜಿಗೆ ದಾರ ಪೋಣಿಸುವವರು, ಬೀಡಿ ಕಟ್ಟುವವರು, ಅಕ್ಕಿಯಲ್ಲಿ ಕಲ್ಲು ಆರಿಸುವವರು "ವಯಸ್ಸಾಯ್ತು" ಅಂತ ಸುಮ್ಮನಾಗುತ್ತಾರೆ, ಕೂಲಿ ಕಡಿಮೆಯಾಗುತ್ತೆ. ಅಸ್ಸಾಂನಲ್ಲಿ ನಲವತ್ತು ದಾಟಿದ ಚಹಾ ಎಲೆ ಕೀಳುವವರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕನ್ನಡಕ ಸಿಕ್ಕವರು ಸಿಗದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚು ಎಲೆ ಕಿತ್ತಿದ್ದರು. ಇನ್ನು ಮಕ್ಕಳ ಕಡೆ ನೋಡಿದರೆ, ಒಂದು ಕಣ್ಣು ಮಂಕಾಗಿ ಸೋಮಾರಿಯಾಗುವುದನ್ನು ಏಳೆಂಟು ವಯಸ್ಸಿನ ಒಳಗೆ ಕಂಡುಹಿಡಿದರೆ ಸರಿಪಡಿಸುವುದು ಸುಲಭ. ತಡವಾದಷ್ಟೂ ಕಷ್ಟ.

ನಮ್ಮ ಅಜ್ಜಿಯರಿಗೆ ಡಾ. ಎಂ. ಸಿ. ಮೋದಿಯವರ ಕ್ಯಾಂಪುಗಳ ನೆನಪು ಇತ್ತು. ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಅವರು ಊರೂರಿಗೆ ಹೋಗಿ ಸಾಲಾಗಿ ಮಲಗಿಸಿ ಪೊರೆ ತೆಗೆದವರು. ಆ ಕಾಲದಲ್ಲಿ ಪೊರೆ ತೆಗೆಸಿದವರು ಸೋಡಾ ಬಾಟಲಿ ತಳದಂಥ ದಪ್ಪ ಗಾಜು ಹಾಕಿಕೊಳ್ಳಬೇಕಿತ್ತು. ಈಗ ಕಣ್ಣಿನೊಳಗೇ ಮಸೂರ ಇಡುತ್ತಾರೆ. ಅದರ ಅಳತೆಯನ್ನು ಆಪರೇಷನ್ನಿಗೆ ಮೊದಲೇ ತೆಗೆದುಕೊಡುವ ಕೈ ಎಷ್ಟೋ ಆಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್ ಹುಡುಗಿಯದು.

ಸೇರುವ ದಾರಿ

ಪದವಿ ಮಾಡಬೇಕಾದರೆ ಪಿಯುಸಿ ಸೈನ್ಸ್ ಆಗಿರಬೇಕು. ಕಾಮರ್ಸ್, ಆರ್ಟ್ಸ್ ಓದಿದವರಿಗೆ ಈ ದಾರಿ ಇಲ್ಲ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಂಗಳೂರಿನ ಶಂಕರ ಕಣ್ಣಿನ ಆಸ್ಪತ್ರೆ, ನಾರಾಯಣ ನೇತ್ರಾಲಯದಂಥ ಕಡೆ ಆಸ್ಪತ್ರೆಯ ಜೊತೆಗೇ ಓದು ನಡೆಯುತ್ತೆ. ಮಣಿಪಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ್ದೇ ಕೋರ್ಸ್ ಇದೆ. ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ನಾಲ್ಕು ವರ್ಷ ಅನ್ನುವುದು ನಡೆದುಬಂದ ಕ್ರಮ. ಸರ್ಕಾರಿ ಕೋಟಾದ ಅಲೈಡ್ ಹೆಲ್ತ್ ಸೀಟುಗಳನ್ನು ಈಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಸಿಇಟಿ ನಡೆಸುವ ಕೆಇಎ, ಹಂಚುತ್ತಿದೆ. ಆ ಪ್ರಕಟಣೆ ಬರುವ ಮುಂಚೆ ಖಾಸಗಿ ಸೀಟಿಗೆ ದುಡ್ಡು ಕಟ್ಟಿದರೆ ಕಡಿಮೆ ಫೀಸಿನ ಸೀಟಿನ ಅವಕಾಶವನ್ನು ನಾವೇ ಕೈಬಿಟ್ಟ ಹಾಗೆ.

ಇನ್ನೊಂದು ದಾರಿ ಡಿಪ್ಲೊಮಾ. ಪ್ಯಾರಾಮೆಡಿಕಲ್ ಬೋರ್ಡಿನ ಆಫ್ತಾಲ್ಮಿಕ್ ಟೆಕ್ನಾಲಜಿ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ಸೈನ್ಸ್ ಆದವರಿಗೆ ಎರಡು ವರ್ಷ ಅಂತ ನಡೆದುಬಂದಿದೆ. ಬೇಗ ಮುಗಿಯುತ್ತೆ, ಬೇಗ ದುಡಿಮೆ. ಆದರೆ ಮುಂದೆ ಹೋಗುವ ದಾರಿ ಕಿರಿದು. ಪಿಯುಸಿಯಲ್ಲಿ ಸೈನ್ಸ್ ಓದಿ ಡಿಪ್ಲೊಮಾ ಮಾಡಿದವರನ್ನು ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುವ ಅವಕಾಶ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ನಿಯಮದಲ್ಲಿ ಬಂದಿದೆ. ಸೇರುವ ದಿನವೇ ಅದನ್ನು ಕೇಳಿಟ್ಟುಕೊಳ್ಳಿ.

2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾನೂನು ತಂದಿತು. ಆಪ್ಟೊಮೆಟ್ರಿಸ್ಟರೂ ಅದರೊಳಗೆ ಬರುತ್ತಾರೆ. ಅದಕ್ಕೂ ಮೊದಲು ಯಾರು ಬೇಕಾದರೂ ಆರು ತಿಂಗಳ ಸರ್ಟಿಫಿಕೇಟ್ ತೋರಿಸಿ ಕಣ್ಣು ಪರೀಕ್ಷೆಯ ಬೋರ್ಡ್ ಹಾಕುತ್ತಿದ್ದರು. ಈ ಕಾನೂನಿನ ಪ್ರಕಾರ ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಮಾನ್ಯತೆ ಇರುವ ಓದು ಆಗಿದ್ದರಷ್ಟೇ ನೋಂದಣಿ. ನಿಯಮಗಳು ಒಂದೊಂದಾಗಿ ಜಾರಿಗೆ ಬರುತ್ತಿರುವುದರಿಂದ ಎಷ್ಟು ವರ್ಷದ ಕೋರ್ಸು, ಯಾವ ಪರೀಕ್ಷೆ ಬರೆದಿರಬೇಕು ಅನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಪಕ್ಕದ ಮನೆ ಹುಡುಗಿ ಹೋದ ಸಲ ಹೇಗೆ ಸೇರಿದಳು ಅನ್ನುವುದು ಈ ಸಲ ನಡೆಯದೆ ಹೋಗಬಹುದು.

ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ನಿಮ್ಮ ಮಕ್ಕಳು ದಿನಕ್ಕೆ ಎಷ್ಟು ರೋಗಿಗಳ ಕಣ್ಣು ನೋಡುತ್ತಾರೆ ಅಂತ ಕೇಳಿ. ಸ್ವಂತ ಕಣ್ಣಿನ ಆಸ್ಪತ್ರೆ ಇಲ್ಲದ ಕಾಲೇಜಿನಲ್ಲಿ ಹುಡುಗಿಯರು ಒಬ್ಬರ ಕಣ್ಣನ್ನು ಒಬ್ಬರು ನೋಡಿಕೊಂಡೇ ಪಾಸಾಗುತ್ತಾರೆ. ಕೊನೆ ವರ್ಷದ ಹುಡುಗಿಯೊಬ್ಬಳನ್ನು ಗೇಟಿನ ಹೊರಗೆ ಮಾತಾಡಿಸಿದರೆ ಆಫೀಸಿನಲ್ಲಿ ಹೇಳದ್ದು ತಿಳಿಯುತ್ತೆ.

ದುಡ್ಡಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಳಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿ ಇಟ್ಟಿರುವ ಸಂಘದಲ್ಲಿ ಒಂದು ಲಕ್ಷಕ್ಕೆ ವರ್ಷಕ್ಕೆ 24 ಸಾವಿರ ಬಡ್ಡಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹತ್ತು ಅಂತ ಲೆಕ್ಕ ಹಿಡಿದರೆ 10 ಸಾವಿರ. ಆದ್ದರಿಂದ ನಾಲ್ಕು ವರ್ಷದ ಫೀಸನ್ನು ಸಂಘದ ಸಾಲದಲ್ಲಿ ಕಟ್ಟುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಅರ್ಜಿ, ಓಡಾಟ, ಹಾಸ್ಟೆಲ್ ಡಿಪಾಸಿಟ್, ಬ್ಯಾಂಕ್ ಸಾಲ ಕೈಗೆ ಬರುವ ತನಕದ ಖರ್ಚು, ಇಷ್ಟಕ್ಕೆ ಸಂಘ ಸಾಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದ ತನಕ ಕಂತು ಕೇಳುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತೆ. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕುವುದನ್ನು ಮರೆಯಬೇಡಿ. ಜಾತಿ, ಆದಾಯ ಪತ್ರ ಮೊದಲೇ ಮಾಡಿಸಿಡಿ. ಅರಿವು ಸಾಲ ಈ ಕೋರ್ಸಿಗೆ, ಈ ವರ್ಷ ಸಿಗುತ್ತಾ ಅಂತ ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿ.

ನಾಲ್ಕು ಲಕ್ಷ ಸಾಲ, ಹತ್ತು ಪರ್ಸೆಂಟ್ ಬಡ್ಡಿ, ಏಳು ವರ್ಷದಲ್ಲಿ ತೀರಿಸುವುದು ಅಂದರೆ ತಿಂಗಳಿಗೆ ಸುಮಾರು 6,640 ರೂಪಾಯಿ ಕಂತು. ಇದು ಓದುವಾಗಿನ ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ. ಮಗಳ ಮೊದಲ ಸಂಬಳ ಇಪ್ಪತ್ತು ಸಾವಿರ ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಪಿಜಿ, ಊಟ, ಬಸ್ಸಿಗೆ ಹತ್ತು ಸಾವಿರ ತೆಗೆಯಿರಿ. ಕಂತು ಕಟ್ಟಿದ ಮೇಲೆ ಮನೆಗೆ ಕಳಿಸಲು ಮೂರು ಸಾವಿರ ಚಿಲ್ಲರೆ. ಮೊದಲ ಎರಡು ಮೂರು ವರ್ಷ ಮಗಳ ದುಡಿಮೆಯಿಂದ ಮನೆ ನಡೆಯುತ್ತೆ ಅಂತ ನಂಬಿ ಕೂತರೆ ಕಷ್ಟ. ಕೈ ಪಳಗಿದ ಮೇಲೆ ಸಂಬಳ ಏರುತ್ತೆ. ಎಷ್ಟೋ ಜನ ಇದಕ್ಕೇ ಮಾಸ್ಟರ್ಸ್ ಮಾಡುತ್ತಾರೆ, ಕೆಲವರು ಸ್ವಂತ ಕ್ಲಿನಿಕ್ ಇಡುತ್ತಾರೆ.

ಕೆಲಸ ಸಿಗುವುದು ಕಣ್ಣಿನ ಆಸ್ಪತ್ರೆಗಳಲ್ಲಿ, ಟೈಟಾನ್, ಲೆನ್ಸ್‌ಕಾರ್ಟ್‌ನಂಥ ದೊಡ್ಡ ಕನ್ನಡಕದ ಅಂಗಡಿಗಳಲ್ಲಿ. ಅಂಗಡಿಯಲ್ಲಿ ಪರೀಕ್ಷೆಯ ಜೊತೆ ಮಾರಾಟದ ಗುರಿಯೂ ತಲೆ ಮೇಲೆ ಇರುತ್ತೆ, ಭಾನುವಾರವೇ ಹೆಚ್ಚು ಗಿರಾಕಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿ ಹುದ್ದೆ ಇದೆ. ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕಣ್ಣು ನೋಡಿದ ಮೇಲೆ ಮುಂದಿನ ಪರೀಕ್ಷೆ ಮಾಡುವವರು ಅವರೇ. ಆದರೆ ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವಂಥದ್ದಲ್ಲ. ಅದೊಂದನ್ನೇ ನಂಬಿ ಓದಿಸಬೇಡಿ.

ಓದು ಪೂರ್ತಿ ಇಂಗ್ಲಿಷಿನಲ್ಲಿ. ಬೆಳಕು, ಮಸೂರದ ಭೌತಶಾಸ್ತ್ರ, ಲೆಕ್ಕ ಜಾಸ್ತಿ. ಬಯಾಲಜಿ ಬಾಯಿಪಾಠ ಮಾಡಿ ಪಾಸಾದವರಿಗೆ ಮೊದಲ ವರ್ಷ ಬಿಸಿ ಮುಟ್ಟುತ್ತೆ. ತಾಳ್ಮೆಯೂ ಬೇಕು. "ಇದಾ, ಅದಾ" ಅಂತ ದಿನಕ್ಕೆ ಮೂವತ್ತು ಜನರನ್ನು ಕೇಳುವಾಗ ಮೂವತ್ತನೆಯವರಿಗೂ ಮೊದಲನೆಯವರಷ್ಟೇ ಸಮಾಧಾನ ತೋರಿಸಬೇಕು. ಹಳ್ಳಿ ಹೆಣ್ಣುಮಕ್ಕಳಿಗೆ ಇದು ಆಗದು ಅನ್ನುವವರಿಗೆ ಮಧುರೈ ಉದಾಹರಣೆ ಇದೆ. 1976ರಲ್ಲಿ ಡಾ. ವೆಂಕಟಸ್ವಾಮಿ 11 ಹಾಸಿಗೆಯಲ್ಲಿ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ ಹಳ್ಳಿಯ ಹುಡುಗಿಯರನ್ನೇ ಆರಿಸಿ, ಎರಡು ವರ್ಷ ತಾನೇ ತರಬೇತಿ ಕೊಟ್ಟು, ಅವರ ಕೈಯಲ್ಲೇ ದೃಷ್ಟಿ ಪರೀಕ್ಷೆಯ ಕೆಲಸ ನಡೆಸುತ್ತಿದೆ. ಆ ತರಬೇತಿ ಪದವಿಗೆ ಸಮ ಅಲ್ಲ, ಆದರೆ ಕೈಗೆ ಬರುವ ಕಸುಬು ಅದೇ ಥರದ್ದು.

ನಮ್ಮ ಸದಸ್ಯೆ ಆ ವಾರ ಮಗಳನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಂದರು. ಒಂದು ಕಣ್ಣಿನ ಆಸ್ಪತ್ರೆಯ ಹೊರರೋಗಿಗಳ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತು, ಆ ಹುಡುಗಿಯರು ಮಾಡುವ ಕೆಲಸ ನೋಡಿದರು. ಫೋನ್ ಮಾಡುತ್ತಿದ್ದವರಿಗೆ, "ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಕಾಗದ ಕಳ್ಸಿ" ಅಂದ ಮೇಲೆ ಫೋನ್ ನಿಂತಿತು. ಮುಂದಿನ ಮೀಟಿಂಗಿನಲ್ಲಿ ಅವರು ಕೇಳಿದ್ದು ಐವತ್ತು ಸಾವಿರವಲ್ಲ, ಹತ್ತು. ಕೆಇಎ ಪಟ್ಟಿ ಬರುವ ತನಕ ಕಾಯುವುದು, ಸೀಟು ಸಿಕ್ಕರೆ ಬ್ಯಾಂಕಿಗೆ ಅರ್ಜಿ ಹಾಕುವಾಗ ಇಬ್ಬರು ಸದಸ್ಯರು ಜೊತೆಗೆ ಹೋಗುವುದು ಅಂತ ತೀರ್ಮಾನವಾಯಿತು. ನಡಾವಳಿ ಬರೆಯುವ ಅಕ್ಕ ಅಷ್ಟರಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಬಂದಿದ್ದರು. ಈ ಸಲ ಯಾರ ಕನ್ನಡಕವನ್ನೂ ಕೇಳಲಿಲ್ಲ.