ಕತ್ತಿನ ಕಪ್ಪು ಕೊಳೆಯಲ್ಲ

ವೀಕ್ಷಕರೇ, ಇವತ್ತು ರಾತ್ರಿ ಮಗು ಮಲಗೋ ಮುಂಚೆ ಒಂದು ಕೆಲಸ ಮಾಡಿ. ಅದರ ಕತ್ತಿನ ಹಿಂಭಾಗ ಒಮ್ಮೆ ನೋಡಿ. ಕಂಕುಳನ್ನೂ ನೋಡಿ. ಚರ್ಮ ದಪ್ಪಗಾಗಿ, ಮಖಮಲ್ಲಿನ ಹಾಗೆ, ಕಪ್ಪಾಗಿದೆಯಾ? ನಮ್ಮ ಮನೆಗಳಲ್ಲಿ ಇದಕ್ಕೆ ಇರೋ ಚಿಕಿತ್ಸೆ ಎಲ್ಲರಿಗೂ ಗೊತ್ತು. ಮೊದಲು "ಸರಿಯಾಗಿ ಸ್ನಾನ ಮಾಡಲ್ಲ ನೀನು" ಅಂತ ಗದರಿಕೆ. ಆಮೇಲೆ ಕಡಲೆಹಿಟ್ಟು. ಅದಕ್ಕೂ ಹೋಗದಿದ್ರೆ ನಿಂಬೆಹಣ್ಣಿನ ಹೋಳು. ಎಷ್ಟು ಉಜ್ಜಿದರೂ ಅದು ಹೋಗಲ್ಲ. ಯಾಕಂದ್ರೆ ಅದು ಕೊಳೆಯಲ್ಲ.

ವೈದ್ಯರು ಇದನ್ನ ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತಾರೆ. ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ, ಅರ್ಥ ನೆನಪಿಟ್ಟುಕೊಳ್ಳಿ. ತೂಕ ಹೆಚ್ಚಿರುವ ಮಗುವಿನಲ್ಲಿ ಈ ಕಪ್ಪು ಕಾಣಿಸಿಕೊಂಡರೆ, ಬಹುಮಟ್ಟಿಗೆ, ಅದರ ರಕ್ತದಲ್ಲಿ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಹರಿಯುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲದಿರಬಹುದು. ಆದರೆ ಬರುವ ದಾರಿಯಲ್ಲಿ ಇರಬಹುದು.

ಇದು ಹೇಗೆ ಅಂತ ನಮ್ಮ ಯಲಹಂಕ, ಆರ್.ಟಿ. ನಗರದ ಜನಕ್ಕೆ ಸುಲಭವಾಗಿ ಹೇಳಬಹುದು. ಎಲ್ಲರ ಮನೆಯಲ್ಲೂ ಸಂಪು, ಮೋಟಾರು, ಮೇಲೊಂದು ಟ್ಯಾಂಕು ಇದ್ದೇ ಇದೆ. ಬೋರ್‌ವೆಲ್ ನೀರಿಗೆ ಪೈಪಿನೊಳಗೆ ಸುಣ್ಣದಂಥ ಪದರ ಕಟ್ಟುತ್ತೆ. ಪೈಪು ಕಿರಿದಾದಷ್ಟೂ ಅದೇ ಟ್ಯಾಂಕು ತುಂಬಿಸೋಕೆ ಮೋಟಾರು ಹೆಚ್ಚು ಹೊತ್ತು ಓಡಬೇಕು. ನಲ್ಲಿಯಲ್ಲಿ ನೀರು ಮಾಮೂಲಿನ ಹಾಗೇ ಬರುತ್ತೆ, ಹಾಗಾಗಿ ಮನೆಯವರಿಗೆ ಏನೂ ಗೊತ್ತಾಗಲ್ಲ. ಒಂದು ದಿನ ಮೋಟಾರು ಸುಟ್ಟುಹೋಗುತ್ತೆ.

ನಮ್ಮ ಮೇದೋಜೀರಕ ಗ್ರಂಥಿಯೇ ಆ ಮೋಟಾರು. ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ತಲುಪಿಸುವುದು ಇನ್ಸುಲಿನ್. ಹೊಟ್ಟೆಯೊಳಗೆ, ಪಿತ್ತಜನಕಾಂಗದಲ್ಲಿ, ಸ್ನಾಯುಗಳಲ್ಲಿ ಕೊಬ್ಬು ಸೇರಿದಂತೆಲ್ಲ ಇನ್ಸುಲಿನ್ ಮಾತು ಕೇಳದ ಹಾಗಾಗುತ್ತೆ. ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಸಕ್ಕರೆ ಪರೀಕ್ಷೆ ಮಾಡಿದರೆ ವರ್ಷಗಟ್ಟಲೆ "ನಾರ್ಮಲ್" ಅಂತಲೇ ಬರಬಹುದು. ಒಳಗೆ ಮೋಟಾರು ಬಿಸಿಯಾಗುತ್ತಿರುತ್ತೆ. ಹೊರಗೆ ಕಾಣುವ ಗುರುತು ಆ ಕತ್ತಿನ ಕಪ್ಪು.

ಹಾಗಾದ್ರೆ ನಮ್ಮ ಮಕ್ಕಳಿಗೇ ಯಾಕೆ ಇಷ್ಟು ಬೇಗ? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮೈಸೂರಿಗೆ ಹೋದರೆ ಸಾಕು. ಅಲ್ಲಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಬ್ರಿಟನ್ನಿನ ಸೌತಾಂಪ್ಟನ್‌ನ ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆ ಹಿಡಿದು, ಅಷ್ಟೊತ್ತಿಗೆ ನಡುವಯಸ್ಸು ಮುಟ್ಟಿದ್ದ ಆ "ಕೂಸುಗಳನ್ನು" ಹುಡುಕಿದರು. ಐನೂರಕ್ಕೂ ಹೆಚ್ಚು ಜನ ಸಿಕ್ಕರು. 1996ರಲ್ಲಿ ಬಂದ ವರದಿ ಹೇಳಿದ್ದು ಇದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. 3.1 ಕಿಲೋಗಿಂತ ಮೇಲಿದ್ದವರಲ್ಲಿ ನೂರಕ್ಕೆ 3.

ಸಕ್ಕರೆ ಕಾಯಿಲೆಗೂ ಇದೇ ಲೆಕ್ಕ ಅಂತ ನಿರೀಕ್ಷೆ ಇತ್ತು. ಆದರೆ 1998ರ ವರದಿ ಬೇರೆಯೇ ಹೇಳಿತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಉದ್ದ ಕಡಿಮೆ ಇದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತಾ? ಹಳೇ ದಾಖಲೆಯಲ್ಲಿ ಅದು ಇರಲಿಲ್ಲ. ಅದಕ್ಕೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ಶುರುವಾಯಿತು, ಪಾರ್ಥೆನಾನ್ ಅಧ್ಯಯನ ಅಂತ. 830 ಗರ್ಭಿಣಿಯರನ್ನು ಸೇರಿಸಿಕೊಂಡು ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು 6 ಜನಕ್ಕೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಸಿಕ್ಕಿತು. ಆ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ವರ್ಷಗಟ್ಟಲೆ ಕರೆಕರೆದು ಅಳೆಯಿತು. ಒಂಬತ್ತೂವರೆ ವರ್ಷಕ್ಕೆ ನೋಡಿದರೆ, ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚು. ಇನ್ಸುಲಿನ್ ಪ್ರತಿರೋಧವೂ ಹೆಚ್ಚು. ತಂದೆಗೆ ಸಕ್ಕರೆ ಇದ್ದರೂ ಇಂಥ ಪರಿಣಾಮ ಕಂಡಿತು, ಆದರೆ ಅಷ್ಟು ಬಲವಾಗಿ ಅಲ್ಲ.

ಇದೇ ತಂಡ ಇನ್ನೊಂದನ್ನೂ ತೋರಿಸಿತು. ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ತೂಕದಲ್ಲಿ ಚಿಕ್ಕವು. ಆದರೆ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಆ ಲೆಕ್ಕದಲ್ಲಿ ಕಡಿಮೆ ಇರಲಿಲ್ಲ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರೂ ಇದನ್ನೇ ಕಂಡಿದ್ದರು. ಅಲ್ಲಿನ ಕೂಸು ಸುಮಾರು 2.7 ಕಿಲೋ, ಸೌತಾಂಪ್ಟನ್ ಕೂಸು 3.5 ಕಿಲೋ. ಸಣ್ಣಗಿದ್ದರೂ ಒಳಗೆ ಕೊಬ್ಬು. ಅಂದರೆ ನಮ್ಮ ಪೈಪು ಹುಟ್ಟುವಾಗಲೇ ಸ್ವಲ್ಪ ಕಿರಿದು. ಅದರ ಮೇಲೆ ಬಿಸ್ಕೆಟ್ಟು, ಕೂಲ್ ಡ್ರಿಂಕ್ಸು, ಕೂತಲ್ಲೇ ಕೂರೋದು ಸೇರಿದರೆ ಬೇಗ ಕಟ್ಟಿಕೊಳ್ಳುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದನ್ನು ಕೇಳಿ "ನಿನ್ನಿಂದಲೇ ಆಯ್ತು" ಅಂತ ಸೊಸೆಯ ಕಡೆ ಬೆರಳು ತೋರಿಸಬೇಡಿ. ಬಸಿರಿನ ಸಕ್ಕರೆ ಆಕೆಯ ತಪ್ಪಲ್ಲ. ಆಕೆ ಹುಟ್ಟಿದ್ದೂ ಇದೇ ಊರಲ್ಲಿ, ಇಂಥದೇ ಮೈಯಲ್ಲಿ. ಈ ಸಂಶೋಧನೆಯ ಉಪಯೋಗ ಬೇರೆ ಇದೆ. ಯಾವ ಮಗುವಿನ ಮೇಲೆ ಮೊದಲು ಕಣ್ಣಿಡಬೇಕು ಅಂತ ಇದು ತೋರಿಸುತ್ತೆ. ಬಸಿರಿನಲ್ಲಿ ಸಕ್ಕರೆ ಇತ್ತಾ? ಮಕ್ಕಳ ಡಾಕ್ಟರಿಗೆ ಆ ವಿಷಯ ಹೇಳಿ. ಲಸಿಕೆ ಕಾರ್ಡಿನ ಮೇಲೆ ಬರೆಸಿ.

ಈಗ ದೇಶದ ಲೆಕ್ಕ ನೋಡೋಣ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ತೂಕ ಹೆಚ್ಚಿದ್ದವರು ನೂರಕ್ಕೆ 5 ಮಾತ್ರ. ಆದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರು ನೂರಕ್ಕೆ 10. ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ದಪ್ಪ ಕಾಣೋ ಮಕ್ಕಳಿಗಿಂತ ಅಪಾಯದಲ್ಲಿರೋ ಮಕ್ಕಳೇ ಹೆಚ್ಚು. "ನಮ್ಮ ಹುಡುಗ ಸಣ್ಣಗಿದ್ದಾನೆ ಬಿಡಿ" ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಸೊಂಟ ನೋಡಬೇಕು, ಹೊಟ್ಟೆ ನೋಡಬೇಕು.

"ದೊಡ್ಡವನಾದ್ರೆ ಸರಿಹೋಗ್ತಾನೆ" ಅನ್ನೋದು ಇನ್ನೊಂದು ಧೈರ್ಯ. ಅಮೆರಿಕದಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಬಂದ 10ರಿಂದ 17 ವರ್ಷದ 699 ಮಕ್ಕಳ ಮೇಲೆ ಟುಡೇ ಅನ್ನೋ ಅಧ್ಯಯನ ನಡೆಯಿತು. ಬರೀ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸಕ್ಕರೆ ಹತೋಟಿಯಲ್ಲಿ ಉಳಿಯಲಿಲ್ಲ. ಆ ಮಕ್ಕಳ ಸರಾಸರಿ ವಯಸ್ಸು 26 ಆಗುವ ಹೊತ್ತಿಗೆ, ನೂರಕ್ಕೆ 60 ಜನಕ್ಕೆ ಕಣ್ಣು, ಮೂತ್ರಪಿಂಡ ಅಥವಾ ನರದಲ್ಲಿ ಒಂದಾದರೂ ತೊಂದರೆ ಶುರುವಾಗಿತ್ತು. 26 ಅಂದ್ರೆ ಏನು ವಯಸ್ಸು ಹೇಳಿ? ಕೆಲಸಕ್ಕೆ ಸೇರಿ, ಮದುವೆ ಮಾತುಕತೆ ನಡೆಯೋ ವಯಸ್ಸು. ಮಕ್ಕಳಲ್ಲಿ ಈ ಕಾಯಿಲೆ ದೊಡ್ಡವರಿಗಿಂತ ಜೋರಾಗಿ ಓಡುತ್ತೆ. ಅದಕ್ಕೇ ಅದು ಬರೋ ಮುಂಚಿನ ವರ್ಷಗಳು ಅಷ್ಟು ಬೆಲೆಬಾಳೋದು.

ಹಾಗಾದ್ರೆ ಏನು ಮಾಡಬೇಕು? ಮೊದಲು ಪರೀಕ್ಷೆ. ಮಗುವಿಗೆ 10 ವರ್ಷ ತುಂಬಿದ್ದರೆ, ಅಥವಾ ಅದಕ್ಕೂ ಮುಂಚೆಯೇ ಮೈನೆರೆಯುವ ಲಕ್ಷಣ ಕಂಡರೆ, ತೂಕ ಹೆಚ್ಚಿದ್ದು, ಜೊತೆಗೆ ಕತ್ತಿನ ಕಪ್ಪೋ ಮನೆಯಲ್ಲಿ ಸಕ್ಕರೆ ಕಾಯಿಲೆಯೋ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಾಲಿ ಹೊಟ್ಟೆಯ ಸಕ್ಕರೆ 100ರೊಳಗಿದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಅಂತ ಲೆಕ್ಕ. ಒಂದೇ ಸಲದ ಫಲಿತಾಂಶ ನೋಡಿ ನೀವೇ ತೀರ್ಮಾನಿಸಬೇಡಿ, ಅದನ್ನು ಡಾಕ್ಟರಿಗೆ ಬಿಡಿ.

ಎರಡನೆಯದು, ಮಗುವನ್ನು ಒಂಟಿಯಾಗಿ ಡಯಟ್‌ಗೆ ಕೂರಿಸಬೇಡಿ. ಸಂಶೋಧನೆ ಇದರಲ್ಲಿ ಬಹಳ ಸ್ಪಷ್ಟವಾಗಿದೆ: ಕೆಲಸ ಮಾಡೋದು ಇಡೀ ಮನೆ ಬದಲಾದಾಗ. ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆ ಮಗುವಿಗೂ ಮನೆಯವರಿಗೂ ಮುಖಾಮುಖಿ ತರಬೇತಿ ಬೇಕು. ನಮ್ಮಲ್ಲಿ ಏನಾಗುತ್ತೆ? ಐದು ನಿಮಿಷದ ಕನ್ಸಲ್ಟೇಶನ್, ಕೈಗೊಂದು ಚೀಟಿ. ಮಗನಿಗೆ ಓಟ್ಸ್ ಕೊಟ್ಟು ಅಪ್ಪ ಎದುರಿಗೇ ಪಫ್ಸ್ ತಿಂದರೆ ಆ ಚೀಟಿ ಏನು ಮಾಡೀತು?

ಬೆಳೆಯೋ ಮಗುವಿಗೆ ಎಷ್ಟೋ ಸಲ ತೂಕ ಇಳಿಸಬೇಕಾಗಿಯೇ ಇಲ್ಲ. ಏರದ ಹಾಗೆ ಹಿಡಿದರೆ ಸಾಕು, ಎತ್ತರ ಬೆಳೆದಂತೆ ತೂಕ ಸರಿದೂಗುತ್ತೆ. ಅದಕ್ಕೆ ಮೊದಲ ಹೆಜ್ಜೆ ಕುಡಿಯೋದರಲ್ಲಿ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತೆ, ಅಂದರೆ ಏಳೆಂಟು ಚಮಚ. ಪ್ಯಾಕೆಟ್ ಜ್ಯೂಸೂ ಬೇರೆಯಲ್ಲ. ಹಾಲಿಗೆ ಹಾಕೋ ಪುಡಿ? ಅಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ಸರ್ಕಾರವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಹೇಳಿತು. ಬೆಲ್ಲವೂ ಮೈಗೆ ಸಕ್ಕರೆಯೇ. ರಾಗಿ ಒಳ್ಳೆಯದು, ಆದರೆ ಮುದ್ದೆ ಜೊತೆ ಸೊಪ್ಪು, ಕಾಳು ಇರಬೇಕು. ಬೆಲ್ಲ ಸುರಿದ ರಾಗಿ ಮಾಲ್ಟ್ ಅಲ್ಲ. ದಿನಕ್ಕೆ ಒಂದು ಗಂಟೆ ಓಡಾಟ, ಸಾಕಷ್ಟು ನಿದ್ದೆ. ಮಗುವಿಗೆ "ಡುಮ್ಮ" ಅನ್ನೋದನ್ನು ಮನೆಯಲ್ಲಿ ನಿಲ್ಲಿಸಿ. ನಾಚಿಕೆಯಿಂದ ಯಾವ ಮಗುವೂ ಸಣ್ಣ ಆಗಲ್ಲ, ಕದ್ದು ತಿನ್ನೋದು ಕಲಿಯುತ್ತೆ.

ಚುಚ್ಚುಮದ್ದಿನ ಬಗ್ಗೆ ಬಹಳ ಜನ ಕೇಳ್ತಾರೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ತಗೊಂಡ ಹದಿಹರೆಯದವರ ದೇಹ ತೂಕ ಸೂಚ್ಯಂಕ ಸರಾಸರಿ ಶೇ 16ರಷ್ಟು ಇಳಿಯಿತು. ನಿಜ. ಆದರೆ ಅದು ತೀವ್ರ ಬೊಜ್ಜಿಗೆ, ತಜ್ಞರ ಕಣ್ಣಳತೆಯಲ್ಲಿ ಕೊಡುವಂಥದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ.

ಮತ್ತೊಂದು ಎಚ್ಚರಿಕೆ. ಚೆನ್ನಾಗಿದ್ದ ಮಗು ಕೆಲವೇ ವಾರದಲ್ಲಿ ಇಳಿದುಹೋದರೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಅದು ಟೈಪ್ 1 ಇರಬಹುದು. ಅವತ್ತೇ ಆಸ್ಪತ್ರೆಗೆ ಓಡಿ. ಅದು ಸಿಹಿ ತಿಂದದ್ದಕ್ಕೆ ಬರೋದಲ್ಲ, ದೇಹದ ರಕ್ಷಣಾ ವ್ಯವಸ್ಥೆ ಇನ್ಸುಲಿನ್ ಮಾಡೋ ಕೋಶಗಳನ್ನೇ ನಾಶಮಾಡಿರುತ್ತೆ. ಅಂಥ ಮಗುವಿಗೆ ಇನ್ಸುಲಿನ್ನೇ ಜೀವ. ಯಾರೋ ಕಷಾಯ ಹೇಳಿದರು ಅಂತ ಒಂದು ದಿನವೂ ನಿಲ್ಲಿಸಬಾರದು.

ಕೊನೆಗೆ ಊರಿನ ಮಾತು. ಸ್ಕೂಲ್ ವ್ಯಾನು ಹೆಬ್ಬಾಳದ ಫ್ಲೈಓವರ್‌ನಲ್ಲಿ ನಿಂತಿರುತ್ತೆ, ಮಗು ಒಳಗೆ ಚಿಪ್ಸ್ ತಿಂತಿರುತ್ತೆ. ಮನೆಗೆ ಬಂದರೆ ಟ್ಯೂಷನ್. ಆಟ ಯಾವಾಗ? ಮೈದಾನ ಎಲ್ಲಿ? ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಸಕ್ಕರೆಯ ಲೆಕ್ಕ ತೋರಿಸೋ ಬೋರ್ಡು ಹಾಕಿ ಅಂತ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಮುಂದಿನ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಮಾರ್ಕ್ಸ್ ಕಾರ್ಡ್ ಜೊತೆ ಮೂರು ಪ್ರಶ್ನೆ ಕೇಳಿ. ಗೇಟಿನ ಮುಂದೆ ಏನು ಮಾರ್ತಿದ್ದಾರೆ? ಬೋರ್ಡು ಎಲ್ಲಿ? ಪಿ.ಟಿ. ಪೀರಿಯಡ್ಡನ್ನ ಗಣಿತಕ್ಕೆ ಯಾರು ಕೊಟ್ಟರು? ಒಬ್ಬರು ಕೇಳಿದರೆ ನಕ್ಕು ಸುಮ್ಮನಾಗ್ತಾರೆ. ನಲವತ್ತು ಜನ ಕೇಳಿದರೆ ಉತ್ತರ ಕೊಡಲೇಬೇಕು.