ಟ್ರಿಬಲ್‌ಗಳ ಹಾವಳಿ ಮತ್ತು ಆಯಿಯ ಹಗೇವು

ಹುಮನಾಬಾದಿನಲ್ಲಿ ಅಡತ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಕಾಕಾ ಟಿ.ವಿ. ಮುಂದೆ ಕೂರುವುದೇ ಅಪರೂಪ. ಕೂತರೂ ತೊಗರಿ ಧಾರಣೆ, ಮಳೆ ಸುದ್ದಿ, ಅಷ್ಟೇ. ಅಂಥವರನ್ನು ಕಳೆದ ಭಾನುವಾರ ಹಿಡಿದು ಕೂರಿಸಿ, 1967ರ ಅಮೆರಿಕನ್ ವೈಜ್ಞಾನಿಕ ಧಾರಾವಾಹಿಯ ಒಂದು ಕಂತು ತೋರಿಸಿದೆ. ಮಾತು ಮಾತಿಗೂ ನಾನೇ ಕನ್ನಡದಲ್ಲಿ ಹೇಳಿದೆ, ನಗಬೇಕಾದ ಕಡೆ ನಾನೇ ನಕ್ಕೆ. ಕಾಕಾ ನಗಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: “ಕಾಳಿನ ಗೋದಾಮಿಗೆ ಅಷ್ಟು ದೊಡ್ಡ ಗಾಳಿ ಕಿಂಡಿ ಯಾಕ ಬಿಟ್ಟಾರಪಾ?”

ಧಾರಾವಾಹಿಯ ಹೆಸರು ‘ಸ್ಟಾರ್ ಟ್ರೆಕ್’. ಕಂತಿನ ಹೆಸರು ‘ದ ಟ್ರಬಲ್ ವಿತ್ ಟ್ರಿಬಲ್ಸ್’. ಮೊದಲ ಪ್ರಸಾರ 1967ರ ಡಿಸೆಂಬರ್ 29ರಂದು. ಬರೆದವರು ಡೇವಿಡ್ ಜೆರಾಲ್ಡ್. ಆಗ ಅವರಿಗೆ 23 ವರ್ಷ. (ಈ ಸಂಗತಿ ಬರೆಯುವಾಗ ವರದಿಗಾರನಿಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.)

ಕಥೆ 23ನೇ ಶತಮಾನದ್ದು. ಆದರೆ ಜಗಳ ನಮ್ಮ ಪೇಟೆಯದೇ! ಶರ್ಮನ್ ಎಂಬ ಗ್ರಹ ಯಾರಿಗೆ ಸೇರಬೇಕೆಂದು ಮನುಷ್ಯರಿಗೂ ಕ್ಲಿಂಗಾನ್ ಎಂಬ ಜಗಳಗಂಟ ಜನಕ್ಕೂ ಪೈಪೋಟಿ. ಯಾರು ಅಲ್ಲಿ ಚೆನ್ನಾಗಿ ನೆಲೆಯೂರಿಸಿ ತೋರಿಸುತ್ತಾರೋ ಗ್ರಹ ಅವರದು. ಅದಕ್ಕೆ ಬೇಕಾದ ಬೀಜದ ಕಾಳು ಒಂದು ಅಂತರಿಕ್ಷ ನಿಲ್ದಾಣದ ಉಗ್ರಾಣದಲ್ಲಿದೆ. ನಕ್ಷತ್ರಗಳ ನಡುವೆ ಹಾರಾಡುವ ದಂಡನಾಯಕ ಕರ್ಕ್‌ನಿಗೆ ಸಿಕ್ಕ ಕೆಲಸವೆಂದರೆ ಕಾಳಿನ ಕಾವಲು. ಆತನ ಮುಖ ಗಂಟಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾಳಿನ ಹೆಸರು ಕ್ವಾಡ್ರೊಟ್ರಿಟಿಕೇಲ್. ಹೆಸರು ಕಲ್ಪಿತ, ಆದರೆ ಟ್ರಿಟಿಕೇಲ್ ನಿಜ; ಗೋಧಿ ಮತ್ತು ರೈ ಕಾಳಿನ ಬೆರಕೆ. ಇಂಥ ಬೆರಕೆ ಗಿಡ 1875ರಲ್ಲೇ ಸ್ಕಾಟ್ಲೆಂಡಿನಲ್ಲಿ ವರದಿಯಾಗಿತ್ತು. ಧಾರಾವಾಹಿಯ ಸ್ಪಾಕ್ ಇದರ ಮೂಲ ಕೆನಡಾ ಎನ್ನುತ್ತಾನೆ. ರಷ್ಯದ ಚೆಕಾಫ್ ಬಿಡುತ್ತಾನೆಯೇ? ಅದು ರಷ್ಯದವರು ಕಂಡುಹಿಡಿದದ್ದು ಎಂದು ಎದೆಯುಬ್ಬಿಸುತ್ತಾನೆ. ಮುಂದೆ ಸ್ಕಾಚ್ ವಿಸ್ಕಿಯನ್ನೂ ಲೆನಿನ್‌ಗ್ರಾಡಿನ ಮುದುಕಿಯೊಬ್ಬಳ ಲೆಕ್ಕಕ್ಕೆ ಬರೆಯುತ್ತಾನೆ. ನಮ್ಮ ಬಸವಕಲ್ಯಾಣದವರಿಗೆ ಈ ಚಾಳಿ ಹೊಸದಲ್ಲ. ಲೋಕದಲ್ಲಿ ಏನಿದ್ದರೂ ಮೊದಲು ಕಲ್ಯಾಣದಲ್ಲೇ ಇತ್ತು ಎನ್ನುತ್ತೇವೆ. ಒಂದೇ ವ್ಯತ್ಯಾಸ, ನಮ್ಮ ಮಾತಿನಲ್ಲಿ ಆಗಾಗ ಹುರುಳೂ ಇರುತ್ತದೆ. ಹಿಂದೂ ಕಾನೂನಿಗೆ ಆಧಾರವಾದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯನ ಈ ಕಲ್ಯಾಣದಲ್ಲೇ.

ಇರಲಿ, ಟ್ರಿಬಲ್‌ಗೆ ಬರೋಣ. ಅಂಗೈಯಲ್ಲಿ ಹಿಡಿಸುವ ತುಪ್ಪಳದ ಉಂಡೆ. ಕಣ್ಣಿಲ್ಲ, ಕಾಲಿಲ್ಲ, ಬಾಯಿ ಎಲ್ಲಿದೆಯೋ ತಿಳಿಯದು. ನೇವರಿಸಿದರೆ ಬೆಕ್ಕಿನಂತೆ ಗುರುಗುಟ್ಟುತ್ತದೆ. ಸೈರನೋ ಜೋನ್ಸ್ ಎಂಬ ತಿರುಗಾಲ ವ್ಯಾಪಾರಿ ತಂದಿದ್ದ ಇದು ಹಡಗಿನ ಹುಡುಗಿಯೊಬ್ಬಳ ಕೈಸೇರುತ್ತದೆ. ವೈದ್ಯರು ಪರೀಕ್ಷಿಸಿ ಹೇಳುವುದಿಷ್ಟು: ಇದು ಹುಟ್ಟುವಾಗಲೇ ಬಸಿರಿ, ಊಟ ಹಾಕಿದರೆ ಹೆರುತ್ತದೆ. ಮೂರು ದಿನದಲ್ಲಿ ಅವು ಹಡಗಿನ ತುಂಬ, ಕುರ್ಚಿಯ ಮೇಲೆ, ಊಟದ ತಟ್ಟೆಯಲ್ಲಿ. ಕೊನೆಗೆ ಕರ್ಕ್ ಉಗ್ರಾಣದ ಮೇಲಿನ ಬಾಗಿಲು ತೆರೆದದ್ದೇ ತಡ, ತಿಂದು ಕೊಬ್ಬಿದ ಟ್ರಿಬಲ್‌ಗಳ ರಾಶಿ ಆತನ ನೆತ್ತಿಯ ಮೇಲೆ ಸುರಿದು ಎದೆಮಟ್ಟ ಹೂಳುತ್ತದೆ.

ಅಂಥ ಹೊತ್ತಿನಲ್ಲೂ ಸ್ಪಾಕ್ ಲೆಕ್ಕ ಹೇಳುತ್ತಾನೆ: 17,71,561. ಈ ಲೆಕ್ಕ ಬಾಯಿಗೆ ಬಂದ ಅಂಕಿಯಲ್ಲ. ಒಂದು ಟ್ರಿಬಲ್ 12 ತಾಸಿಗೊಮ್ಮೆ ಹತ್ತು ಮರಿ ಹಾಕಿದರೆ, ತಾಯಿ ಸೇರಿ ಹನ್ನೊಂದು. ಮೂರು ದಿನಕ್ಕೆ ಆರು ಸರದಿ. ಹನ್ನೊಂದನ್ನು ಆರು ಬಾರಿ ಬರೆದು ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಇನ್ನೂ ಮೂರು ದಿನ ಬಿಟ್ಟರೆ ಮೂರು ಲಕ್ಷ ಕೋಟಿ ದಾಟುತ್ತದೆ, ಬಜೆಟ್ ಭಾಷಣದಲ್ಲಿ ಮಾತ್ರ ಕೇಳುವ ಮೊತ್ತ!

ಆ ದೃಶ್ಯದಲ್ಲಿ ರಾಶಿ ಬಿದ್ದ ಮೇಲೂ ಕರ್ಕ್‌ನ ತಲೆಗೆ ಒಂದೊಂದೇ ಟ್ರಿಬಲ್ ಬಂದು ಬೀಳುತ್ತಿರುತ್ತದೆ. ಮೇಲೆ ಮರೆಯಲ್ಲಿದ್ದ ಕೆಲಸಗಾರರು ಎಸೆಯುತ್ತಿದ್ದರು, ಅಷ್ಟೇ. 1996ರಲ್ಲಿ ‘ಡೀಪ್ ಸ್ಪೇಸ್ ನೈನ್’ ಎಂಬ ಮುಂದಿನ ಧಾರಾವಾಹಿ ಇದಕ್ಕೂ ಕಾರಣ ಹುಡುಕಿತು: ಭವಿಷ್ಯದಿಂದ ಕಾಲಯಾನ ಮಾಡಿ ಬಂದ ಇಬ್ಬರು ಉಗ್ರಾಣದೊಳಗೆ ಕೂತು ಟ್ರಿಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಆಚೆ ಬಿಸಾಡುತ್ತಿದ್ದರಂತೆ. 29 ವರ್ಷದ ನಂತರ ಕೊಟ್ಟ ಸಮಜಾಯಿಷಿ!

ಕಾಕಾನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಟ್ರಿಬಲ್‌ಗಳು ಉಗ್ರಾಣ ಹೊಕ್ಕದ್ದು ಗಾಳಿ ಕೊಳವೆಯ ಮೂಲಕ. ಕಾಕಾನ ಕಣ್ಣಿಗೆ ಟ್ರಿಬಲ್ ಎಂದರೆ ತುಪ್ಪಳ ಹೊದ್ದ ನುಸಿ. ತೊಗರಿಗೆ ಬೀಳುವ ಹುಳ ಕಾಳಿನ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕಾಳಿನೊಳಗೇ ಕೂತು ತಿಂದು, ಸುಮಾರು ತಿಂಗಳಲ್ಲಿ ದುಂಡನೆಯ ತೂತು ಕೊರೆದು ಹೊರಬಂದು ಮತ್ತೆ ಮೊಟ್ಟೆಯಿಡುತ್ತದೆ. ಸ್ಪಾಕ್‌ನ ಲೆಕ್ಕವೇ, ಸ್ವಲ್ಪ ನಿಧಾನ.

ಆಯಿಯ ಕಾಲದಲ್ಲಿ ಇದಕ್ಕೆ ಹಗೇವು ಇತ್ತು. ಗಡಿಯಾಚೆ ಮರಾಠಿಯಲ್ಲಿ ಅದೇ ಪೇವ್. ನೆಲದಲ್ಲಿ ಹೂಜಿಯಂತೆ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಹೇರಿ ಮಣ್ಣು ಮೆತ್ತುತ್ತಿದ್ದರು. ಒಳಗಿದ್ದ ಹುಳವೂ ಕಾಳೂ ಉಸಿರಾಡುತ್ತ ಆಮ್ಲಜನಕ ಕರಗುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ, ಹುಳ ಉಸಿರುಗಟ್ಟಿ ಸಾಯುತ್ತದೆ. ಔಷಧಿ ಬೇಡ, ಗುಳಿಗೆ ಬೇಡ. ಆದರೆ ಅದೇ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆರೆದ ಕೂಡಲೇ ಇಳಿದು ಸತ್ತವರಿದ್ದಾರೆ. ಅದಕ್ಕೇ ಬಹಳ ಹೊತ್ತು ಬಾಯಿ ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಈಗ ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳನ್ನು ಹೊಸ ವಿಧಾನವೆಂದು ರೈತರಿಗೆ ಹೇಳಿಕೊಡುತ್ತಾರೆ. ಯುಕ್ತಿ ಹಗೇವಿನದೇ.

ಕಂತಿನ ಕೊನೆಯಲ್ಲಿ ಉಗ್ರಾಣದ ಟ್ರಿಬಲ್‌ಗಳು ಸಾಯುತ್ತಿರುತ್ತವೆ. ಕಾಳಿಗೆ ಯಾರೋ ವಿಷ ಬೆರೆಸಿದ್ದಾರೆ. ಮೈಗೆ ಆಹಾರ ಹತ್ತದಂತೆ ಮಾಡುವ ವಿಷ. ಕಾಳಿನ ರಾಶಿಯ ನಡುವೆಯೇ ಅವು ಹಸಿದು ಸಾಯುತ್ತವೆ. ಕ್ಲಿಂಗಾನರನ್ನು ಕಂಡರೆ ಕಿರುಚುವುದು ಟ್ರಿಬಲ್ ಗುಣ. ಕಾಳಿನ ಅಧಿಕಾರಿಯ ಸಹಾಯಕನನ್ನು ಕಂಡೂ ಅವು ಕಿರುಚಿ, ವೇಷ ಮರೆಸಿದ್ದ ಕ್ಲಿಂಗಾನ್ ಸಿಕ್ಕಿಬೀಳುತ್ತಾನೆ. ಗ್ರಹದ ಜನ ವಿಷದ ಕಾಳಿನಿಂದ ಪಾರಾದದ್ದು ಈ ಹಾವಳಿಯಿಂದಲೇ. ಇಲ್ಲಿ ಮಾತ್ರ ಕಾಕಾ ತಲೆದೂಗಿದರು. ಸತ್ತ ಇಲಿ ಕಂಡರೆ ಅವರು ಮೊದಲು ನೋಡುವುದು ಚೀಲವನ್ನೇ.

ಹಡಗಿನಲ್ಲಿ ಉಳಿದ ಟ್ರಿಬಲ್‌ಗಳನ್ನೆಲ್ಲ ಎಂಜಿನಿಯರ್ ಸ್ಕಾಟಿ ಸದ್ದಿಲ್ಲದೆ ಕ್ಲಿಂಗಾನರ ಹಡಗಿಗೆ ಸಾಗಹಾಕುತ್ತಾನೆ. ಎಲ್ಲರೂ ನಗುತ್ತಾರೆ, ಕಂತು ಮುಗಿಯುತ್ತದೆ.

“ಮಂದಿ ಗೋದಾಮಿಗೆ ಹಾಕಿದ್ರ ನುಸಿ ಹೋದಂಗೇನು? ನಾಳಿ ಅದೇ ಚೀಲ ನಮ್ಮ ಅಂಗಡಿಗೇ ಬರ್ತದ” ಎನ್ನುತ್ತ ಕಾಕಾ ಎದ್ದರು. ಬೀಗದಕೈ ತೆಗೆದುಕೊಂಡು ಅಂಗಡಿಯ ಕಡೆ ಹೊರಟೇಬಿಟ್ಟರು, ಭಾನುವಾರವೆಂಬುದನ್ನೂ ಲೆಕ್ಕಿಸದೆ.