ಚಾಂದವಡ್‌ನ ರಂಗಮಹಲು ಮತ್ತು ಅಹಲ್ಯಾಬಾಯಿಯ ಆಳಿಕೆ

ಮುಂಬಯಿಯಿಂದ ಆಗ್ರಾಕ್ಕೆ ಹೋಗುವ ಹೆದ್ದಾರಿಯಲ್ಲಿ, ನಾಸಿಕದ ಈಶಾನ್ಯಕ್ಕೆ ಸುಮಾರು 65 ಕಿಲೋಮೀಟರು ದೂರದಲ್ಲಿ ಚಾಂದವಡ್ ಎಂಬ ಊರಿದೆ. ಹಿಂದಿನ ಆಂಗ್ಲ ಕಾಗದಪತ್ರಗಳಲ್ಲಿ ಇದರ ಹೆಸರು ಚಾಂದೋರ್. ಊರ ಬಳಿಯ ಬೆಟ್ಟದ ಮೇಲೆ ಕೋಟೆ. ಊರೊಳಗೆ ಮರದ ಕೆತ್ತನೆಯ ಕಂಬಗಳಿಗೂ ಭಿತ್ತಿಚಿತ್ರಗಳಿಗೂ ಹೆಸರಾದ ಹೋಳ್ಕರರ ರಂಗಮಹಲು. ಉತ್ತರದ ಮಾಳವಕ್ಕೂ ದಕ್ಷಿಣದ ಪುಣೆಗೂ ನಡುವಿನ ಹಾದಿಯಲ್ಲಿದ್ದ ಈ ಠಾಣ್ಯ ಹೋಳ್ಕರರಿಗೆ ಬಹು ಮುಖ್ಯವಾಗಿತ್ತು. ಇಲ್ಲಿಯ ಟಂಕಸಾಲೆಯ ‘ಚಾಂದೋರಿ’ ರೂಪಾಯಿ ಸುತ್ತಣ ಸೀಮೆಯಲ್ಲಿ ಚಲಾವಣೆಯಲ್ಲಿತ್ತು. ಈ ಊರಿನ ರೇಣುಕಾದೇವಿಯ ಗುಡಿಯ ಜೀರ್ಣೋದ್ಧಾರವನ್ನೂ ಜನರು ಅಹಲ್ಯಾಬಾಯಿಯ ಹೆಸರಿಗೇ ಸಲ್ಲಿಸುತ್ತಾರೆ.

ಗುಡಿ, ಘಟ್ಟ, ಛತ್ರಗಳ ಪುಣ್ಯಕಾರ್ಯದಿಂದಲೇ ಈ ರಾಣಿಯನ್ನು ಅಳೆಯುವುದು ರೂಢಿಯಾಗಿದೆ. ಆದರೆ 28 ವರುಷಗಳ ಕಾಲ ಒಂದು ಸಂಸ್ಥಾನವನ್ನು ಬಹುಮಟ್ಟಿಗೆ ಶಾಂತಿಯಿಂದ ನಡೆಯಿಸಿದ ಆಕೆಯ ರಾಜ್ಯಸೂತ್ರ ಯಾವುದು? ಆಕೆಗೆ ಆ ಅಧಿಕಾರ ಬಂದುದಾದರೂ ಹೇಗೆ? ಈ ಪ್ರಶ್ನೆ ನಮ್ಮ ಕಿತ್ತೂರಿನ ಇತಿಹಾಸಕ್ಕೂ ತಾಗುವುದರಿಂದ ಇಲ್ಲಿ ವಿಚಾರಾರ್ಹವಾಗಿದೆ.

ಅಹಲ್ಯಾಬಾಯಿ 1725ರಲ್ಲಿ, ಇಂದು ಅಹಲ್ಯಾನಗರವೆಂದು ಹೆಸರಾಗಿರುವ ಜಿಲ್ಲೆಯ ಚೌಂಡಿ ಗ್ರಾಮದಲ್ಲಿ ಜನಿಸಿದಳು. ತಂದೆ ಮಾಣಕೋಜಿ ಶಿಂದೆ. ಮಲ್ಹಾರರಾವ್ ಹೋಳ್ಕರನ ಮಗ ಖಂಡೇರಾಯನನ್ನು ವರಿಸಿದ ಈಕೆ 1754ರ ಕುಂಭೇರಿ ಮುತ್ತಿಗೆಯಲ್ಲಿ ಪತಿಯನ್ನು ಕಳೆದುಕೊಂಡಳು. ಸಹಗಮನಕ್ಕೆ ಸಿದ್ಧಳಾದ ಸೊಸೆಯನ್ನು ಮಾವನೇ ತಡೆದನು. ಮುಂದೆ ಆಕೆಗೆ ರಾಜ್ಯದ ಹೊರೆಯನ್ನು ಕ್ರಮವಾಗಿ ಕಲಿಸಿದವನೂ ಅವನೇ. ತೋಪು ಮದ್ದುಗಳ ವ್ಯವಸ್ಥೆಯ ವಿಷಯವಾಗಿಯೂ ಅವನು ಆಕೆಗೆ ಪತ್ರ ಬರೆದುದುಂಟು. 1766ರಲ್ಲಿ ಮಲ್ಹಾರರಾಯನೂ ಮರುವರುಷ ಆಕೆಯ ಏಕಮಾತ್ರ ಪುತ್ರ ಮಾಲೇರಾಯನೂ ತೀರಿಕೊಂಡರು.

ಆಗ ದಿವಾನ ಗಂಗಾಧರ ಯಶವಂತನು, ಒಂದು ಎಳೆಯ ಮಗುವನ್ನು ದತ್ತು ತೆಗೆದುಕೊಂಡು ಆಕೆ ವರ್ಷಾಶನದಿಂದ ತೃಪ್ತಳಾಗಬೇಕೆಂದು ಸೂಚಿಸಿದನು. ಪೇಶ್ವೆಯ ಚಿಕ್ಕಪ್ಪ ರಘುನಾಥರಾಯನ ಬೆಂಬಲ ಇದಕ್ಕಿತ್ತು. ಒಬ್ಬ ವಾರಸುದಾರನಿಗೆ ಪತ್ನಿಯೂ ಇನ್ನೊಬ್ಬನಿಗೆ ತಾಯಿಯೂ ಆದ ತನಗಲ್ಲದೆ ಉತ್ತರಾಧಿಕಾರವನ್ನು ನಿರ್ಣಯಿಸುವ ಹಕ್ಕು ಮತ್ತಾರಿಗೂ ಇಲ್ಲವೆಂಬುದು ಆಕೆಯ ವಾದ. ಆಕೆ ಸೈನ್ಯವನ್ನೂ ಸಜ್ಜುಗೊಳಿಸಿದಳು. ಪೇಶ್ವೆ ಮಾಧವರಾಯನು ಆಕೆಯ ಪಕ್ಷವನ್ನೇ ಎತ್ತಿಹಿಡಿದನು. ತರುವಾಯ ದಂಡಿನ ನಾಯಕತ್ವವನ್ನು ತುಕೋಜಿ ಹೋಳ್ಕರನಿಗೆ ಒಪ್ಪಿಸಿ, ಆಡಳಿತವನ್ನು ತಾನೇ ಇಟ್ಟುಕೊಂಡು, ನರ್ಮದಾತೀರದ ಮಹೇಶ್ವರದಿಂದ 1795ರಲ್ಲಿ ಕಾಲವಾಗುವವರೆಗೆ ಆಳಿದಳು.

ಇದೇ ಪ್ರಶ್ನೆ 57 ವರುಷಗಳ ಬಳಿಕ ಕನ್ನಡನಾಡಿನಲ್ಲಿ ತಲೆಯೆತ್ತಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಮಡಿದಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಮನ್ನಿಸಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದಳು. ಅಕ್ಟೋಬರದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರದಲ್ಲಿ ಕೋಟೆ ಬಿದ್ದು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿ ಕಾಲವಶಳಾದಳು. ಒಬ್ಬಳು ದತ್ತಕವನ್ನು ನಿರಾಕರಿಸಿದಳು, ಇನ್ನೊಬ್ಬಳು ದತ್ತಕಕ್ಕಾಗಿ ಹೋರಾಡಿದಳು. ಮೇಲ್ನೋಟಕ್ಕೆ ಇವು ವಿರುದ್ಧವಾಗಿ ಕಂಡರೂ ಇಬ್ಬರೂ ಹಿಡಿದ ತತ್ತ್ವ ಒಂದೇ: ಮನೆತನದ ಮುಂದಿನ ಒಡೆಯನನ್ನು ಗೊತ್ತುಮಾಡುವ ಅಧಿಕಾರ ಆ ಮನೆಯ ರಾಣಿಯದು. ಪೇಶ್ವೆ ಅದನ್ನು ಒಪ್ಪಿದನು, ಕಂಪನಿ ಒಪ್ಪಲಿಲ್ಲ. ಒಬ್ಬಳ ಪಾಲಿಗೆ ದೀರ್ಘ ಆಳಿಕೆ, ಇನ್ನೊಬ್ಬಳ ಪಾಲಿಗೆ ಸೆರೆಮನೆ ಬಂದುದಕ್ಕೆ ಅವರ ಯೋಗ್ಯತೆಯ ತಾರತಮ್ಯಕ್ಕಿಂತ ಮೇಲರಸರ ನೀತಿಯ ಅಂತರವೇ ಹೆಚ್ಚಿನ ಕಾರಣ.

ಅಹಲ್ಯಾಬಾಯಿಯ ರಾಜ್ಯಸೂತ್ರದಲ್ಲಿ ಇನ್ನೊಂದು ಅಂಶವಿದೆ. 1734ರಲ್ಲಿ ಮಲ್ಹಾರರಾಯನ ಪತ್ನಿ ಗೌತಮಾಬಾಯಿಗೆ ಪೇಶ್ವೆ ಪ್ರತ್ಯೇಕ ಜಹಗೀರು ಕೊಟ್ಟಿದ್ದನು. ‘ಖಾಸಗಿ’ ಎನಿಸಿದ ಈ ಉತ್ಪನ್ನವು, ದಂಡಿಗೂ ಆಡಳಿತಕ್ಕೂ ಸಲ್ಲುವ ‘ದೌಲತ್’ ಎಂಬ ರಾಜಸ್ವದಿಂದ ಬೇರೆಯಾಗಿತ್ತು. ಅಹಲ್ಯಾಬಾಯಿಯ ಧರ್ಮಕಾರ್ಯಗಳಿಗೆ ಆಧಾರವಾದುದು ಈ ಖಾಸಗಿ. 1780ರಲ್ಲಿ ಪುನರ್ನಿರ್ಮಿತವಾದ ಕಾಶಿಯ ವಿಶ್ವನಾಥ ಮಂದಿರ, ವೇರೂಳಿನ ಘೃಷ್ಣೇಶ್ವರ, ಗಯೆಯ ವಿಷ್ಣುಪದ ಇವೆಲ್ಲ ಆಕೆಯ ಧರ್ಮಕಾರ್ಯಗಳು. ನಮ್ಮ ಗೋಕರ್ಣವೂ ಆಕೆಯ ದತ್ತಿಗಳ ಪಟ್ಟಿಯಲ್ಲಿದೆ. ಇವುಗಳಲ್ಲಿ ಬಹುಭಾಗ ಹೋಳ್ಕರರ ಗಡಿಯ ಹೊರಗಿದ್ದುದು ಗಮನಾರ್ಹ.

ಆಕೆಯ ಬಳಿಕ ಆ ಶಾಂತಿ ನಿಲ್ಲಲಿಲ್ಲ. 1817ರ ಡಿಸೆಂಬರದ ಮಹಿದ್‌ಪುರ ಯುದ್ಧದಲ್ಲಿ ಹೋಳ್ಕರರು ಸೋತರು. 1818ರ ಜನವರಿಯ ಮಂದಸೋರ್ ಒಪ್ಪಂದದಿಂದ ಸಾತಪುಡಾದ ದಕ್ಷಿಣದ ಸೀಮೆಗಳು ಕಂಪನಿಗೆ ಸೇರಿದುವು. ಚಾಂದವಡ್ ಕೂಡ ಕೈತಪ್ಪಿತು. ವಿಚಿತ್ರವೆಂದರೆ, ಆಕೆಯ ಕೀರ್ತಿಯನ್ನು ಹೊರಜಗತ್ತಿಗೆ ಸಾರಿದವನು ಆ ಯುದ್ಧದಲ್ಲಿ ಹೋಳ್ಕರರ ಎದುರು ನಿಂತ ಸರ್ ಜಾನ್ ಮಾಲ್ಕಮ್. ಮಾಳವದ ಜನರನ್ನು ವಿಚಾರಿಸಿ ಅವನು ಬರೆದ ಮಧ್ಯಭಾರತದ ವೃತ್ತಾಂತ 1823ರಲ್ಲಿ ಅಚ್ಚಾಯಿತು. ಹೀಗೆ ಹದಿನೆಂಟನೆಯ ಶತಮಾನದ ರಾಣಿಯ ಚಿತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಪುಣ್ಯಶೀಲೆಯನ್ನು ಹೊಗಳುವುದು ಗೆದ್ದವರಿಗೆ ಕಷ್ಟವಲ್ಲ. ಹಕ್ಕು ಕೇಳಿದ ಚೆನ್ನಮ್ಮನಿಗೆ ಮಾತ್ರ ಮರುವರುಷವೇ ಬೇರೆ ಉತ್ತರ ದೊರೆಯಿತು.

ಖಾಸಗಿಯ ಪ್ರಶ್ನೆ ಇನ್ನೂ ಹಳತಾಗಿಲ್ಲ. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಈ ಧರ್ಮಸಂಸ್ಥೆಗಳಿಗಾಗಿ 1962ರಲ್ಲಿ ಒಂದು ನ್ಯಾಸ ಏರ್ಪಟ್ಟಿತು. ಆಸ್ತಿಗಳ ಪರಭಾರೆಯ ವಿವಾದ ನ್ಯಾಯಾಲಯಕ್ಕೆ ಹೋಗಿ, ಇದು ಸಾರ್ವಜನಿಕ ನ್ಯಾಸಗಳ ಕಾನೂನಿಗೆ ಒಳಪಟ್ಟುದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಖಾಸಗಿ ಎಂಬ ಹೆಸರು ಹೊತ್ತ ಸೊತ್ತು ಕೊನೆಗೆ ಸಾರ್ವಜನಿಕ ಧರ್ಮವೆನಿಸಿತು. ಆಕೆಯ 28 ವರುಷಗಳ ನಡತೆಯೂ ಅದನ್ನೇ ಹೇಳುತ್ತಿತ್ತು.